ಕಿವಿಗೆ ಕಂಡ ಕವಿಶೈಲ

ಶಿವಮೊಗ್ಗೆಯನ್ನು ಬಿಟ್ಟು ತೀರ್ಥಹಳ್ಳಿಯ ಕಡೆಗೆ ಹೊರಟ ರಸ್ತೆ ತುಂಗೆಯ ಸಂಗವನ್ನು ಬಹು ದೂರದವರೆಗೆ ಬಿಡುವುದಿಲ್ಲ. ಒಮ್ಮೆ ಮರಗಳ ನಡುವೆ ಮಿಂಚಿ, ಒಮ್ಮೆ ಬಿದಿರುಮೆಳೆಗಳ ಹಿಂದೆ ಮರೆಯಾಗಿ, ಹೊಳೆ ಪ್ರಯಾಣಿಕನ ಪಕ್ಕದಲ್ಲಿಯೇ ಎದುರು ದಿಕ್ಕಿಗೆ ಹರಿಯುತ್ತದೆ. ದಾರಿಯ ನಡುವೆ ಮಂಡಗದ್ದೆ. ಮಳೆಗಾಲದಲ್ಲಿ ಅಲ್ಲಿ ನದಿಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟಿ ಸಂಸಾರ ಹೂಡುತ್ತವೆ. ಆ ಮರಗಳಿಂದ ಬರುವ ಗದ್ದಲವನ್ನು ಕೇಳಿದವರಿಗೆ ವಾರದ ಸಂತೆಯ ನೆನಪಾಗದಿರದು. ಸುಮಾರು 60 ಕಿಲೋಮೀಟರು ಕ್ರಮಿಸಿ ತೀರ್ಥಹಳ್ಳಿಯನ್ನು ಮುಟ್ಟಿ, ಅಲ್ಲಿಂದ ಕೊಪ್ಪದ ದಾರಿ ಹಿಡಿದು ಮತ್ತೆ ಸುಮಾರು 17 ಕಿಲೋಮೀಟರು ಸಾಗಿದರೆ ಕುಪ್ಪಳಿ. ಊರು ಎನ್ನುವುದಕ್ಕಿಂತ ಒಂದು ಮನೆ ಎನ್ನುವುದೇ ಸರಿ. ಮಲೆನಾಡಿನಲ್ಲಿ ಎಷ್ಟೋ ಊರುಗಳು ಒಂದು ಮನೆಯ, ಎರಡು ಮನೆಯ ಊರುಗಳು.

ಆ ಮನೆ ಕುವೆಂಪು ಅವರು ಬೆಳೆದ ಮನೆ. ಅವರು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಬಾಲ್ಯದ ಕಣ್ಣು ಕಿವಿಗಳು ತೆರೆದದ್ದು ಮಾತ್ರ ಕುಪ್ಪಳಿಯಲ್ಲಿ. ಮೂರು ಅಂತಸ್ತಿನ ಆ ಹಳೆಯ ಮನೆ ಇಂದು 'ಕವಿಮನೆ' ಎಂಬ ಹೆಸರಿನ ಸ್ಮಾರಕವಾಗಿದೆ. ಭಾರಿ ಮರದ ಕಂಬಗಳು, ನಡುವೆ ಅಂಗಳ, ಅಂಗಳದಲ್ಲಿ ತುಳಸಿಕಟ್ಟೆ, ಸುತ್ತ ಜಗಲಿ. ಮನೆಯನ್ನು ನೋಡಿ ಹೊರಬಂದವರೆಲ್ಲ ಸಾಮಾನ್ಯವಾಗಿ ಗುಡ್ಡದ ಮೇಲಿನ ಕವಿಶೈಲಕ್ಕೆ ಹೊರಡುತ್ತಾರೆ. ಸಂಜೆಯಾಗಿದ್ದರೆ ಹೆಜ್ಜೆ ಚುರುಕಾಗುತ್ತದೆ, ಏಕೆಂದರೆ ಸೂರ್ಯಾಸ್ತ ಯಾರಿಗಾಗಿಯೂ ಕಾಯುವುದಿಲ್ಲ.

ಕವಿಶೈಲವೆಂದರೆ ಕಾಡಿನ ನಡುವೆ ಬಯಲಾಗಿ ಹರಡಿದ ಒಂದು ಹಾಸುಬಂಡೆ. ಮೊದಲು ಊರವರ ಬಾಯಲ್ಲಿ ಅದು ದಿಬ್ಬಣಕಲ್ಲು. ಹೊಸ ಹೆಸರಿಟ್ಟವರು ಕವಿಯೇ. ಬಿ. ಎಂ. ಶ್ರೀಕಂಠಯ್ಯ, ಟಿ. ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು, ಹೊಸಗನ್ನಡದ ಈ ಮೂವರು ಹಿರಿಯರು ತಮ್ಮ ಹೆಸರುಗಳನ್ನು ಕೆತ್ತಿದ ಕಲ್ಲು ಅಲ್ಲಿದೆ. 1994ರ ನವೆಂಬರ್ 11ರಂದು ಮೈಸೂರಿನಲ್ಲಿ ಕೊನೆಯುಸಿರೆಳೆದ ಕವಿಯ ದೇಹ ಮಣ್ಣಾದುದೂ ಇಲ್ಲಿಯೇ. ಕಲಾವಿದ ಕೆ. ಟಿ. ಶಿವಪ್ರಸಾದ್ ಅವರ ಕಲ್ಪನೆಯಂತೆ ಭಾರಿ ಕಲ್ಲುಗಳನ್ನು ನಿಲ್ಲಿಸಿ, ಅವುಗಳ ಮೇಲೆ ಕಲ್ಲುಗಳನ್ನು ಅಡ್ಡವಿಟ್ಟು ರಚಿಸಿದ ಶಿಲಾಸ್ಮಾರಕ ಆದಿಮಾನವನ ಕಾಲದ ದೇಗುಲದಂತೆ ಕಾಣುತ್ತದೆ. ಪಡುವಣ ದಿಕ್ಕಿನಲ್ಲಿ ಮಲೆಯ ಹಿಂದೆ ಮಲೆ, ಅದರ ಹಿಂದೆ ಮತ್ತೊಂದು ಮಲೆ. ಮೊದಲನೆಯದು ಕಡುಹಸುರು, ಕೊನೆಯದು ಬರಿಯ ನೀಲಿಯ ಹೊಗೆ.

ಬಂದವರು ನಿಲ್ಲುತ್ತಾರೆ, ನೋಡುತ್ತಾರೆ, ಚಿತ್ರ ತೆಗೆದುಕೊಳ್ಳುತ್ತಾರೆ, ಸೂರ್ಯ ಮುಳುಗಿದೊಡನೆ ನಾಟಕ ಮುಗಿದ ಪ್ರೇಕ್ಷಕರಂತೆ ಎದ್ದು ಇಳಿಯುತ್ತಾರೆ. ಅವರನ್ನು ದೂರುವ ಕಾರಣವಿಲ್ಲ; ಆ ನೋಟ ನೋಡತಕ್ಕದ್ದೇ. ಆದರೆ ಕವಿಶೈಲದ ಅರ್ಧ ಸಂಪತ್ತು ಕಣ್ಣಿಗೆ ಸಿಕ್ಕುವುದಿಲ್ಲ. ಕಣ್ಣು ಎದುರಿಗಿರುವುದನ್ನು ಮಾತ್ರ ಬಲ್ಲದು, ಬೇಡವೆನಿಸಿದರೆ ರೆಪ್ಪೆ ಮುಚ್ಚಿಕೊಳ್ಳಲೂಬಲ್ಲದು. ಕಿವಿಗೆ ರೆಪ್ಪೆಯಿಲ್ಲ, ಹಿಂದು ಮುಂದುಗಳಿಲ್ಲ. ನೋಡುವವನು ದೃಶ್ಯದ ಹೊರಗೆ ನಿಂತಿರುತ್ತಾನೆ. ಕೇಳುವವನು ನಾದದ ನಡುವೆ ಕುಳಿತಿರುತ್ತಾನೆ.

ನಮ್ಮ ಪೂರ್ವಿಕರಿಗೆ ಇದು ತಿಳಿಯದ ವಿಷಯವಾಗಿರಲಿಲ್ಲ. ಅವರು ವೇದವನ್ನು ಶ್ರುತಿಯೆಂದು ಕರೆದರು. ಶ್ರವಣ, ಮನನ, ನಿದಿಧ್ಯಾಸನ ಎಂದು ವೇದಾಂತಿಗಳು ಹೇಳುವಾಗ ಮೊದಲ ಮೆಟ್ಟಿಲು ಶ್ರವಣ. ಭಕ್ತರು ನವವಿಧ ಭಕ್ತಿಯನ್ನು ಎಣಿಸುವಾಗಲೂ ಮೊದಲ ಬೆರಳು ಮಡಿಸುವುದು ಶ್ರವಣಕ್ಕೇ. ಕನ್ನಡವಂತೂ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. 'ಕೇಳು' ಎಂಬ ಪುಟ್ಟ ಧಾತುವನ್ನು ನೋಡಿ. ಕಿವಿಗೊಡುವುದೂ ಕೇಳುವುದೇ, ಪ್ರಶ್ನಿಸುವುದೂ ಕೇಳುವುದೇ, ಬೇಡುವುದೂ ಕೇಳುವುದೇ. ಇದೇ ಶಿವಮೊಗ್ಗ ಜಿಲ್ಲೆಯ ಉಡುತಡಿಯ ಅಕ್ಕಮಹಾದೇವಿ 12ನೆಯ ಶತಮಾನದಲ್ಲಿ ಚೆನ್ನಮಲ್ಲಿಕಾರ್ಜುನನನ್ನು ಅರಸುತ್ತ ನಡೆದಾಗ ದಾರಿಯ ಗಿಳಿ ಕೋಗಿಲೆಗಳನ್ನು ಕೇಳಿದಳು. ವ್ಯಾಕರಣದ ಪ್ರಕಾರ ಪ್ರಶ್ನಿಸಿದಳು ಎಂದೇ ಅರ್ಥ. ಆದರೆ ಪ್ರಶ್ನಿಸಿದವಳು ಉತ್ತರಕ್ಕಾಗಿ ಕಿವಿಗೊಟ್ಟು ನಿಂತಿರಲೇಬೇಕಲ್ಲವೆ? ಹಕ್ಕಿ ಉತ್ತರ ಕೊಟ್ಟಿತೋ ಇಲ್ಲವೋ. ನಿಂತ ಆ ಗಳಿಗೆಯಲ್ಲಿ ಕೇಳುವ ಎರಡು ಬಗೆಗಳೂ ಒಂದಾಗಿದ್ದುವು.

ಕುವೆಂಪು ಅವರ ಬಾಳಿನಲ್ಲಿಯೂ ಈ ಎರಡು ಕೇಳುವಿಕೆಗಳನ್ನು ಬೇರ್ಪಡಿಸುವುದು ಕಷ್ಟ. ಮೈಸೂರಿನ ವಿದ್ಯಾರ್ಥಿದೆಸೆಯಲ್ಲಿ ಅವರು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದುದೂ, 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ತಾಯ್ನುಡಿಯಲ್ಲಿ ಬರೆಯುವಂತೆ ಹೇಳಿದುದೂ ಎಲ್ಲರೂ ಬಲ್ಲ ಕಥೆ. ತಾಯ್ನುಡಿಗೆ ಮರಳಿದುದೆಂದರೆ ಬಾಲ್ಯದಲ್ಲಿ ಕಿವಿಗೆ ಬಿದ್ದುದಕ್ಕೆ ಮರಳಿದುದೆಂದೇ ಅರ್ಥ. ಹೊಳೆಯ ಮೊರೆತ, ಕಾಜಾಣದ ಸಿಳ್ಳು, ಆಳುಮಕ್ಕಳ ಕೂಗು, ಜಗಲಿಯ ಭಾರತವಾಚನ, ಇವೆಲ್ಲ ಇಂಗ್ಲಿಷಿನ ಛಂದಸ್ಸಿಗೆ ಹೇಗೆ ತಾನೆ ಒಗ್ಗಿಯಾವು? ಮುಂದೆ ಅವರು ಮೈಸೂರಿನ ಶ್ರೀರಾಮಕೃಷ್ಣಾಶ್ರಮದಲ್ಲಿ ಸ್ವಾಮಿ ಸಿದ್ಧೇಶ್ವರಾನಂದರ ಆಶ್ರಯದಲ್ಲಿ ಇದ್ದರು. 1929ರಲ್ಲಿ ಶ್ರೀರಾಮಕೃಷ್ಣರ ನೇರ ಶಿಷ್ಯರಾದ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದರು. ಧ್ಯಾನಮಂದಿರವನ್ನು ಕಂಡ ಮೇಲೆ ಕಾಡು ಅವರಿಗೆ ಬೇಡವಾಗಲಿಲ್ಲ. ರಜೆ ಬಂದರೆ ಕುಪ್ಪಳಿ, ಕುಪ್ಪಳಿಗೆ ಬಂದರೆ ಕವಿಶೈಲ, ನವಿಲುಕಲ್ಲು. 1933ರಲ್ಲಿ 'ಮಲೆನಾಡಿನ ಚಿತ್ರಗಳು' ಬಂತು. 1946ರಲ್ಲಿ ಬಂದ ಒಂದು ಕವನಸಂಗ್ರಹಕ್ಕೆ ಅವರಿಟ್ಟ ಹೆಸರು 'ಪಕ್ಷಿಕಾಶಿ'. ಹಕ್ಕಿಗಳಿರುವ ಕಾಡಿನ ಮೂಲೆಯನ್ನು ಕಾಶಿಯೆಂದು ಕರೆಯುವ ಧೈರ್ಯ ಕನ್ನಡದಲ್ಲಿ ಬೇರೆ ಯಾರಿಗೆ ಬಂದಿತ್ತು! ಆ ಹೆಸರನ್ನು ಅಲಂಕಾರವೆಂದು ತಳ್ಳಿಹಾಕುವವರು ಒಮ್ಮೆ ಬೆಳಗಿನ ಜಾವ ಕವಿಶೈಲವನ್ನೇರಿ ಕುಳಿತು ನೋಡಬೇಕು, ಅಲ್ಲ, ಕೇಳಬೇಕು.

ಕುಳಿತೊಡನೆ ಏನೂ ಕೇಳಿಸದು. ಮನುಷ್ಯ ಬಂದುದನ್ನು ಕಾಡು ಅವನಿಗಿಂತ ಮೊದಲೇ ಅರಿತಿರುತ್ತದೆ. ಕೆಂಜಳಿಲು ಕೊಂಬೆಯಿಂದ ಕೊಟಕೊಟನೆ ಎಚ್ಚರಿಕೆ ಕೊಟ್ಟು ಮರೆಯಾಗುತ್ತದೆ. ಹತ್ತಿರದ ಪೊದೆಗಳಲ್ಲಿ ಗಪ್‌ಚಿಪ್. ಅಲ್ಲಾಡದೆ ಕಾಲು ಗಂಟೆ ಕುಳಿತಿದ್ದರೆ ಬಂದವನೂ ಒಂದು ಕಲ್ಲೆಂದು ತೀರ್ಮಾನವಾಗಿ ಬಾಳು ಮತ್ತೆ ಮೊದಲಾಗುತ್ತದೆ. ನಸುಕಿನ ಗಾಳಿ ತಣ್ಣಗೆ, ಅಲುಗದೆ ಇರುವುದರಿಂದ ದನಿ ಆಗ ಬಲುದೂರ ಹರಿಯುತ್ತದೆ. ಹಕ್ಕಿಗಳು ಬೆಳಗಾಗುವ ಹೊತ್ತಿಗೇ ಹಾಡುವುದಕ್ಕೆ ವಿಜ್ಞಾನಿಗಳು ಕೊಡುವ ಕಾರಣಗಳಲ್ಲಿ ಅದೂ ಒಂದು. ಮೊದಲು ಮಡಿವಾಳ ಹಕ್ಕಿಯ ಇಂಪಾದ ಸಿಳ್ಳು. ಬಳಿಕ ಪಿಕಳಾರಗಳ ಚಿಲಿಪಿಲಿ. ಬಿಸಿಲು ಮೂಡುತ್ತಲೂ ಕುಟ್ರು ಹಕ್ಕಿ ತನ್ನ ಒಂದೇ ಮಾತನ್ನು ಹಿಡಿದು ಕುಟ್ಟತೊಡಗುತ್ತದೆ; ಒಂದು ನಿಲ್ಲಿಸಿದರೆ ಇನ್ನೊಂದು, ಅದು ನಿಲ್ಲಿಸಿದರೆ ಕಣಿವೆಯಾಚೆಯದೊಂದು. ಕಾಜಾಣವಂತೂ ಕಾಡಿನ ಬಹುರೂಪಿ. ಇತರ ಹಕ್ಕಿಗಳ ಕೂಗನ್ನೆಲ್ಲ ಅಣಕಿಸಿ, ಹೊಸಬನ ಪಾಲಿಗೆ ಇರುವ ಹಕ್ಕಿಗಳ ಲೆಕ್ಕವನ್ನೇ ತಪ್ಪಿಸಿಬಿಡುತ್ತದೆ. ನಡುವೆ ಎಲ್ಲಿಂದಲೋ ಕಮ್ಮಾರನ ತಿದಿಯೊತ್ತಿದಂತೆ ಹುಸ್ಸು ಹುಸ್ಸೆಂದು ಸದ್ದು. ತಲೆಯೆತ್ತಿದರೆ ಮಂಗಟ್ಟೆ ಹಾರಿಹೋಗುತ್ತಿದೆ. ದೊಡ್ಡ ಗರಿಗಳ ಬುಡವನ್ನು ಅಡಿಯಿಂದ ಮುಚ್ಚುವ ಹೊದಿಕೆ ಅದರ ರೆಕ್ಕೆಗಿಲ್ಲ; ಗರಿಗಳ ಸಂದಿಯಲ್ಲಿ ನುಗ್ಗುವ ಗಾಳಿಯೇ ಹಾಗೆ ಸದ್ದು ಮಾಡುತ್ತದೆ.

ಇಷ್ಟನ್ನು ಹೆಸರು ಹಿಡಿದು ಗುರುತಿಸುವುದು ಸಂತೋಷದ ಕೆಲಸವೇ. ಆದರೆ ಹೆಸರುಗಳ ಪಟ್ಟಿ ಬೆಳೆದಷ್ಟು ಕಾಲ ಕೇಳುವವನು ಒಂದು ಕಡೆ, ಕಾಡು ಇನ್ನೊಂದು ಕಡೆ. ಸ್ವಲ್ಪ ಹೊತ್ತಿನಲ್ಲಿ ಪಟ್ಟಿ ತಾನಾಗಿಯೇ ಬಳಲಿ ನಿಲ್ಲುತ್ತದೆ. ಆಮೇಲೆ ಕಿವಿ ಹಕ್ಕಿಯ ಹಿಂದಿರುವುದಕ್ಕೆ ಹೊರಳುತ್ತದೆ. ಎಲೆಯಿಂದ ಎಲೆಗೆ ಇಬ್ಬನಿ ಬೀಳುವ ತಟಕು. ಕೆಳಗಿನ ಕಣಿವೆಯಲ್ಲಿ ಗಾಳಿ ಹುಟ್ಟಿ, ಮರದ ನೆತ್ತಿಗಳನ್ನು ಒಂದೊಂದಾಗಿ ತೂಗುತ್ತ ಮೇಲಕ್ಕೆ ಬರುವ ಸದ್ದು. ಅದು ಮೈಗೆ ತಾಕುವ ಮೊದಲೇ ಕಿವಿಗೆ ತಾಕಿರುತ್ತದೆ. ದೂರದ ಗದ್ದೆಯಂಚಿನಲ್ಲಿ ಯಾರೋ ಸೌದೆ ಸೀಳುತ್ತಿದ್ದಾರೆ. ಕೊಡಲಿ ಇಳಿದುದು ಕಾಣುತ್ತದೆ. ಏಟಿನ ದನಿ ಬರುವ ಹೊತ್ತಿಗೆ ಕೊಡಲಿ ಮತ್ತೆ ಮೇಲೆದ್ದಿದೆ. ಸೆಕೆಂಡಿಗೆ ಸುಮಾರು 340 ಮೀಟರು ನಡೆಯುವ ಶಬ್ದಕ್ಕೆ ಕಣಿವೆಯನ್ನು ದಾಟಲು ಅಷ್ಟು ಹೊತ್ತು ಬೇಕು. ಆ ಒಂದು ಕ್ಷಣದ ತೆರಪಿನಲ್ಲಿ ಕಣಿವೆಯ ಆಳ ಅಗಲಗಳೆಲ್ಲ ಇವೆ. ಇನ್ನೂ ಸ್ವಲ್ಪ ಹೊತ್ತಿಗೆ ತನ್ನ ಉಸಿರಾಟದ ಸದ್ದು. ಅದರ ಹಿಂದೆ ಎದೆಯ ಬಡಿತ. ಅದು ಕುಟ್ರು ಹಕ್ಕಿಯ ಕುಟ್ಟುವಿಕೆಗಿಂತ ಹೆಚ್ಚು ತನ್ನದು ಎಂದು ಏಕೆ ಅನ್ನಬೇಕು? ಎರಡೂ ಯಾರ ಅಪ್ಪಣೆಯನ್ನೂ ಕಾಯದೆ ನಡೆದಿವೆ. ಎರಡೂ ಒಂದೇ ಬೆಳಗಿನಲ್ಲಿ ಕೇಳಿಸುತ್ತಿವೆ. ಹೊರಗಿನ ದನಿ ಎಲ್ಲಿ ಮುಗಿಯಿತು, ಒಳಗಿನದು ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯುವುದು ಆಗ ಕಷ್ಟವಾಗುತ್ತದೆ. ಗೆರೆ ಎಳೆಯಬೇಕೆಂಬ ಅಗತ್ಯವೂ ಕಾಣುವುದಿಲ್ಲ.

ಇದನ್ನು ಸಮಾಧಿಯೆಂದು ಕರೆದು ದೊಡ್ಡ ಮಾತುಗಳನ್ನು ಅಗ್ಗಮಾಡಬಾರದು. ಕವಿಶೈಲವನ್ನು ಬಳಸಿ ಬರುವ ನಾಡಿನಲ್ಲಿ ಹರಿಯುವ ಇದೇ ತುಂಗೆ, ತೀರ್ಥಹಳ್ಳಿಯನ್ನು ಸೇರುವ ಮೊದಲು ಶೃಂಗೇರಿಯ ಮಠದ ಮೆಟ್ಟಿಲುಗಳನ್ನು ತೊಳೆದು ಬಂದವಳು. ಅದ್ವೈತವೆಂದರೆ ಏನೆಂದು ಅಲ್ಲಿಯ ವಿದ್ವಾಂಸರು ಜೀವಮಾನವೆಲ್ಲ ಓದಿ ಹೇಳಬೇಕಾಗಿದೆ. ಕಲ್ಲಿನ ಮೇಲೆ ಅರ್ಧ ತಾಸು ಕುಳಿತ ಪ್ರವಾಸಿಗನಿಗೆ ಅದು ಕೈಗೂಡಿತೆಂದರೆ ಯಾರು ನಂಬಿಯಾರು? ಅವನಿಗೆ ದಕ್ಕುವುದು ಒಂದು ಮರೆವು ಮಾತ್ರ. ತಾನು ಇಂಥವನು, ಇಂಥ ಹುದ್ದೆಯವನು, ಇಷ್ಟು ಗಂಟೆಗೆ ಇಂಥಲ್ಲಿರಬೇಕಾದವನು ಎಂಬ ಲೆಕ್ಕ ಕೆಲವು ನಿಮಿಷ ತಪ್ಪಿಹೋಗುತ್ತದೆ. ಎಲ್ಲರಿಗೂ ತಪ್ಪುವುದಿಲ್ಲ, ಒಮ್ಮೆ ತಪ್ಪಿದವರಿಗೆ ಮಾರನೆಯ ದಿನವೂ ತಪ್ಪುತ್ತದೆಂಬ ಭರವಸೆಯಿಲ್ಲ. ಆದರೂ ಕವಿಶೈಲದಿಂದ ಇಳಿದು ಬಂದವರಲ್ಲಿ ಕೆಲವರು ಕೆಲವು ಹೊತ್ತು ಮಾತನಾಡುವುದಿಲ್ಲ. ಅದನ್ನು ಕವಿಮನೆಯ ಮುಂದೆ ನಿಂತು ಯಾರು ಬೇಕಾದರೂ ಕಾಣಬಹುದು.

ಮಾತನಾಡುವವರ ಸಂಖ್ಯೆಯೇ ಹೆಚ್ಚೆನ್ನುವುದನ್ನೂ ಹೇಳದಿರಲಾಗದು. ಬೇಸಿಗೆಯ ರಜೆಯ ಸಂಜೆಗಳಲ್ಲಿ ಬಂಡೆಯ ಮೇಲೆ ಒಂದು ಮೊಬೈಲಿನಲ್ಲಿ ಒಂದು ಸಿನಿಮಾದ ಹಾಡು, ಇನ್ನೊಂದರಲ್ಲಿ ಇನ್ನೊಂದರದು. ಕೆಳಗೆ ಕಾರುಗಳ ಹಾರನ್ನು. ಪಶ್ಚಿಮ ಘಟ್ಟಗಳ 39 ತಾಣಗಳನ್ನು 2012ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ನೆರೆಯ ಆಗುಂಬೆಯ ಮೀಸಲು ಅರಣ್ಯವೂ ಅದರಲ್ಲಿತ್ತು. ಮರಗಳಿಗೆ, ಕಪ್ಪೆಗಳಿಗೆ, ಹಾವುಗಳಿಗೆ ಹೀಗೆ ಒಂದು ಕಾವಲಾದರೂ ಉಂಟು, ಸದ್ದಿಲ್ಲದಿರುವಿಕೆಗೆ ಕಾವಲುಗಾರರಾರು? ಮಲೆನಾಡಿನಲ್ಲಿ ಅಕೇಶಿಯದ ನೆಡುತೋಪುಗಳ ನಡುವೆ ನಡೆದುಬಂದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿಯೂ ಹಸುರಿದೆ, ನೆರಳಿದೆ, ದೂರದಿಂದ ನೋಡಿದ ಕಣ್ಣು ಅದನ್ನು ಕಾಡೆಂದೇ ನಂಬೀತು. ಕಿವಿ ಮಾತ್ರ ಮೋಸಹೋಗುವುದಿಲ್ಲ.

ಒಂದು ಏಪ್ರಿಲ್ ತಿಂಗಳ ಕೊನೆಯ ಸಂಜೆ ಬೆಂಗಳೂರಿನಿಂದ ಒಂದು ಕುಟುಂಬ ಕವಿಶೈಲಕ್ಕೆ ಬಂದಿತ್ತು. ಗಂಡ ಹೆಂಡತಿ, ಹೈಸ್ಕೂಲಿನ ಹುಡುಗನೊಬ್ಬ, ಹತ್ತು ವರ್ಷದ ಹುಡುಗಿ, ಮತ್ತು ಗಂಡನ ತಾಯಿ. ವೃದ್ಧೆಯ ತವರು ಕೊಪ್ಪದ ಬಳಿಯ ಹಳ್ಳಿ. ಮದುವೆಯಾಗಿ ಬೆಂಗಳೂರು ಸೇರಿ ಐವತ್ತು ವರ್ಷಗಳ ಮೇಲಾಗಿದ್ದುವು. ಮೊಮ್ಮಗಳ ಭುಜ ಹಿಡಿದು ಮೆಲ್ಲಗೆ ಹತ್ತಿದವರು ಸೂರ್ಯಾಸ್ತಕ್ಕೆ ಬೆನ್ನು ಹಾಕಿ, ಕಾಡಿನ ಕಡೆಗೆ ಮುಖಮಾಡಿ ಕುಳಿತುಬಿಟ್ಟರು. ಸೂರ್ಯ ಮುಳುಗಿತು, ಜನ ಇಳಿಯತೊಡಗಿದರು. ಮಗ, "ಏಳಮ್ಮ, ಕತ್ತಲಾಗತ್ತೆ" ಎಂದ.

"ಇನ್ನೊಂದು ಗಳಿಗೆ ಇರೋ. ಜೀರುಂಡೆ ಕೂಗಲಿ, ಹೋಗೋಣ. ನಮ್ಮಮ್ಮ ಜೀರುಂಡೆ ಕೂಗಿದ ಮೇಲೇ ದೀಪ ಹಚ್ಚುತಾ ಇದ್ದದ್ದು."

ಯಾರೂ ಮಾತನಾಡಲಿಲ್ಲ. ಏಕೆಂದರೆ ಜೀರುಂಡೆಗಳು ಆಗಲೇ ಕೂಗುತ್ತಿದ್ದುವು. ಕೂಗುವುದೆಂದರೆ ಸಾಮಾನ್ಯವಾಗಿ ಅಲ್ಲ. ಮಳೆಗೆ ಮುಂಚಿನ ದಿನಗಳಲ್ಲಿ ಮಲೆನಾಡಿನ ಜೀರುಂಡೆ ಕೂಗತೊಡಗಿದರೆ ಗರಗಸದ ಕಾರ್ಖಾನೆ ಹೊಕ್ಕಂತಾಗುತ್ತದೆ. ಕೂಗುವುದು ಗಂಡು ಮಾತ್ರ. ಹೊಟ್ಟೆಯ ಎರಡು ಪಕ್ಕಗಳಲ್ಲಿರುವ ಬಿಗಿದ ಪೊರೆಗಳನ್ನು ಬಲುವೇಗವಾಗಿ ಒಳಕ್ಕೆಳೆದು ಬಿಟ್ಟು ಅದು ಅಷ್ಟೊಂದು ದನಿಯನ್ನು ಹೊರಡಿಸುತ್ತದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಇಂಥ ಏರುದನಿಗಳನ್ನೇ. ಎದುರು ಕುಳಿತವರ ಮಾತು ಸಾಕಷ್ಟು ಕೇಳಿಸುತ್ತಿರುವುದರಿಂದ ಕಳೆದುಹೋದದ್ದು ಕಳೆದವರಿಗೇ ತಿಳಿಯುವುದಿಲ್ಲ.

"ಯಾಕೇ ಪುಟ್ಟಿ, ಈ ಕಾಡಲ್ಲಿ ಈಗ ಜೀರುಂಡೆಯೇ ಇಲ್ವೇನೇ? ಹೊತ್ತು ಮುಳುಗಿ ಇಷ್ಟು ಹೊತ್ತಾಯ್ತು, ಒಂದೂ ಕೂಗಲಿಲ್ಲವಲ್ಲ."

ಸೊಸೆ ಮಗಳ ಕಡೆಗೆ ನೋಡಿ ಬೇಡವೆಂಬಂತೆ ತಲೆಯಾಡಿಸಿದಳು. ಮಗ ಕಾಡಿನ ಕಡೆಗೆ ತಿರುಗಿಕೊಂಡ. ಹುಡುಗ ಏನೂ ತೋಚದೆ ತನ್ನ ಮೊಬೈಲನ್ನು ಜೇಬಿಗೆ ಹಾಕಿದ. ಹುಡುಗಿ ಮಾತ್ರ ಅಜ್ಜಿಯ ಪಕ್ಕಕ್ಕೆ ಸರಿದು ಕುಳಿತು, "ಕೂಗ್ತಾ ಇದೆ ಅಜ್ಜಿ, ಕೈ ಕೊಡು" ಎಂದಳು. ಸುಕ್ಕುಗಟ್ಟಿದ ಅಂಗೈಯ ಮೇಲೆ ಬೆರಳ ತುದಿಯನ್ನಿಟ್ಟು ವೇಗವಾಗಿ ನಡುಗಿಸತೊಡಗಿದಳು. "ಇದು ಈ ಹತ್ತಿರದ ಮರದ್ದು. ಈಗ ನಿಂತಿತು." ಬೆರಳು ನಿಂತಿತು. "ಈಗ ಆ ಕಡೆಯದು ಶುರುವಾಯ್ತು, ಮೆತ್ತಗೆ." ಬೆರಳು ಹಗುರವಾಗಿ ಆಡಿತು. "ಈಗ ಎಲ್ಲಾ ಒಟ್ಟಿಗೆ."

ಅಜ್ಜಿ ಕಣ್ಣು ಮುಚ್ಚಿದರು. ಅವರಿಗೆ ತನ್ನ ಕಿವಿಯ ಸ್ಥಿತಿ ಆ ಕ್ಷಣದಲ್ಲಿ ತಿಳಿಯಿತೆಂದು ಅವರ ಮುಖದಿಂದ ಗೊತ್ತಾಗುತ್ತಿತ್ತು. ಆದರೆ ಅವರು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬಹಳ ಹೊತ್ತಿನ ಮೇಲೆ, ಕಣ್ಣು ತೆರೆಯದೆಯೇ, "ನತ್ತಿಂಗ" ಎಂದರು.

"ಎಲ್ಲಿ ಅಜ್ಜಿ?"

"ಕೆಳಗೆ. ಕೇಳಿಸಲಿಲ್ವೇ? ಚಕ್, ಚಕ್, ಚಕ್ ಅಂತ. ಸುಮ್ಮನೆ ಕೂತು ಕೇಳು."

ಜೀರುಂಡೆಗಳ ಅಬ್ಬರದಲ್ಲಿ ಆ ತಗ್ಗಿದ ದನಿ ಹುಡುಗಿಗೆ ಅಷ್ಟು ಹೊತ್ತೂ ಕೇಳಿಸಿರಲೇ ಇಲ್ಲ. ಈಗ ಅಜ್ಜಿ ಮೊಮ್ಮಗಳ ಕೈಯನ್ನು ತಿರುಗಿಸಿ ಹಿಡಿದು, ಅದರ ಮೇಲೆ ತಮ್ಮ ಹೆಬ್ಬೆರಳಿನಿಂದ ಒಂದೊಂದೇ ಬಡಿತವನ್ನು ತಟ್ಟಿದರು. ಮೂರನೆಯದೋ ನಾಲ್ಕನೆಯದೋ ಬಡಿತಕ್ಕೆ ಹುಡುಗಿಗೆ ಕೇಳಿಸಿತು. ಗಂಡ ಹೆಂಡತಿ ತಾವೂ ಕುಳಿತರು. ಇಳಿಯುವ ಮಾತನ್ನು ಆಮೇಲೆ ಎತ್ತಿದವರು ಅಜ್ಜಿಯೇ.

ಕವಿಶೈಲಕ್ಕೆ ಸಾಮಾನ್ಯವಾಗಿ ಎಲ್ಲರೂ ಹೋಗುವುದು ಹವೆ ಹಿತವಾಗಿರುವ ಚಳಿಗಾಲದಲ್ಲಿ, ಇಲ್ಲವೆ ಮಕ್ಕಳ ರಜೆಯಲ್ಲಿ. ನೋಡಬೇಕೆನ್ನುವವರಿಗೆ ಅದೇ ಒಳ್ಳೆಯ ಕಾಲ. ಕೇಳಬೇಕೆನ್ನುವವರು ಜೂನ್ ಕಳೆದ ಮೇಲೂ ಒಮ್ಮೆ ಧೈರ್ಯ ಮಾಡಬಹುದು. ಆಗ ಬಂಡೆ ಪಾಚಿಗಟ್ಟಿ ಜಾರುತ್ತದೆ. ಮಲೆಗಳ ಸಾಲು ಮೋಡದೊಳಗೆ ಕರಗಿ ಎದುರಿನ ಮರವೂ ಕಾಣದೆ ಹೋಗಬಹುದು. ಸೂರ್ಯಾಸ್ತದ ಆಸೆಯನ್ನಂತೂ ಬಿಟ್ಟೇ ಹೊರಡಬೇಕು. ಇಂಬಳಗಳು ಕಾಲಿಗೆ ಹತ್ತುವುದನ್ನು ತಡೆಯಲು ಊರವರು ಹೊಗೆಸೊಪ್ಪು ಸುಣ್ಣಗಳ ಉಪಾಯ ಹೇಳಿಯಾರು, ಅದು ಅರ್ಧ ಫಲಿಸೀತು. ಮಳೆ ಒಂದು ಹೊಡೆತ ಹೊಡೆದು ನಿಂತಾಗ ಕಾಡು ತೊಟ್ಟಿಕ್ಕುತ್ತಿರುತ್ತದೆ, ತಗ್ಗಿನಲ್ಲೆಲ್ಲ ಹಳ್ಳಗಳು ಮೊರೆಯುತ್ತಿರುತ್ತವೆ. ಆ ಮೊರೆತವನ್ನು ಮೀರಿ, ದಾರಿಹೋಕನೊಬ್ಬ ಹಾಡಿನ ಮಟ್ಟನ್ನು ನೆನಪಿಸಿಕೊಳ್ಳುತ್ತ ಸಿಳ್ಳು ಹಾಕಿದಂತೆ, ಏರಿ, ಇಳಿದು, ನಡುವೆ ಮರೆತು, ಮತ್ತೆ ಹಿಡಿದು ಒಂದು ದನಿ ಬರುತ್ತದೆ. ಹೊಸಬರು ಯಾರೋ ಹುಡುಗ ಬರುತ್ತಿದ್ದಾನೆಂದು ದಾರಿಯ ಕಡೆಗೆ ತಿರುಗಿ ನೋಡುತ್ತಾರೆ. ದಾರಿಯಲ್ಲಿ ಯಾರೂ ಇರುವುದಿಲ್ಲ. ಅದು ಸರಳೆ ಸಿಳ್ಳಾರ. ಹಳ್ಳಗಳು ತುಂಬಿದ ಮೇಲೆಯೇ ಅದಕ್ಕೆ ಹಾಡುವ ಉಮೇದು.